ಪರಿಚಯ ಹೇಳು ಅಂದಾಗ ಆ ಮಕ್ಕಳು ಹೇಳಿದ್ದು

ಶಾಲೆಗೆ ಯಾರಾದರೂ ಸಾಹೇಬರು ಬಂದರೆ ಮಕ್ಕಳಿಗೆ ಮೊದಲು ಹೇಳುವ ಮಾತು ಒಂದೇ: "ಎದ್ದು ನಿಂತು ಪರಿಚಯ ಹೇಳು." ಮಗು ಕೈಕಟ್ಟಿ ನಿಲ್ಲುತ್ತದೆ. ಹೆಸರು, ಅಪ್ಪನ ಹೆಸರು, ತರಗತಿ, ಊರು, ದೊಡ್ಡವರಾದ ಮೇಲೆ ಡಾಕ್ಟರೋ ಪೊಲೀಸೋ ಆಗುವ ಆಸೆ, ಇಷ್ಟನ್ನು ಒಂದೇ ಉಸಿರಿಗೆ ಒಪ್ಪಿಸಿ ಕೂತುಬಿಡುತ್ತದೆ. ಸಾಹೇಬರು ಶಾಭಾಸ್ ಅನ್ನುತ್ತಾರೆ, ಹೆಡ್‌ಮಾಸ್ತರು ನಿಟ್ಟುಸಿರು ಬಿಡುತ್ತಾರೆ. ಈ ನಾಲ್ಕು ಸಾಲು ಸಲೀಸಾಗಿ ಬಾಯಿಗೆ ಬಾರದ ಮಕ್ಕಳ ನಡುವೆ ನಾನು ಇಪ್ಪತ್ತು ವರ್ಷದ ಹತ್ತಿರಹತ್ತಿರ ಕೆಲಸ ಮಾಡಿದೆ. ಅದರಲ್ಲಿ ಸುಮಾರು ಅರ್ಧ ಕಾಲ, ಆ ಸಾಲುಗಳನ್ನು ಹೇಗಾದರೂ ಅವರ ಬಾಯಲ್ಲಿ ತರಿಸುವುದೇ ನನ್ನ ಕೆಲಸ ಎಂದು ತಿಳಿದುಕೊಂಡಿದ್ದೆ.

ಈಗ ನಿವೃತ್ತಳಾಗಿ ಕಾರವಾರದ ಕೋಡಿಬಾಗದಲ್ಲಿ, ಗಂಡನ ಜೊತೆ ಆರಾಮಾಗಿದ್ದೇನೆ. ಹೋದ ತಿಂಗಳು ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಅಕ್ಕೋರೆ, ಟ್ರೇನಿಂಗಲ್ಲಿ ಹೇಳದೇ ಬಿಟ್ಟದ್ದು ಏನಾದ್ರೂ ಇದ್ರೆ ಹೇಳಿ" ಅಂದರು. ಹೇಳುತ್ತ ಹೋದರೆ ಮುಗಿಯುವ ಹಾಗೆ ಕಾಣಲಿಲ್ಲ, ಅವರ ಬಸ್ಸಿಗೆ ಹೊತ್ತಾಯಿತು. ಅದಕ್ಕೇ ಬರೆಯಲು ಕೂತೆ.

ನನ್ನ ತವರು ಅವರ್ಸಾ, ಅಂಕೋಲಾ ತಾಲೂಕು. ಗದ್ದೆ ಮಾಡುವ ಮನೆ. ಕನ್ನಡ ಶಾಲೆಯ ಅಕ್ಕೋರಾಗಿ ಹನ್ನೆರಡು ವರ್ಷ ಕಲಿಸಿದ ಮೇಲೆ ವಿಶೇಷ ಮಕ್ಕಳ ತರಬೇತಿ ಮುಗಿಸಿ ಸಂಪನ್ಮೂಲ ಶಿಕ್ಷಕಿಯಾದೆ. ಹೆಸರು ದೊಡ್ಡದು, ಕೆಲಸ ತಿರುಗಾಟದ್ದು. ಒಂದು ಶಾಲೆ ಅಂತ ಇಲ್ಲ. ತಾಲೂಕಿನಲ್ಲಿ ಎಲ್ಲೆಲ್ಲಿ ನಡೆಯಲಾಗದ, ಕಾಣದ, ಕೇಳದ, ಮಾತು ಬಾರದ ಮಕ್ಕಳಿದ್ದಾರೋ ಆ ಶಾಲೆಗೆಲ್ಲ ಹೋಗಬೇಕು. ಶಾಲೆಗೆ ಬರಲಾಗದವರ ಮನೆಗೇ ಹೋಗಬೇಕು. ಮೊದಲು ಕಾರವಾರ ತಾಲೂಕು, ಆಮೇಲೆ ಅಂಕೋಲಾ.

ಆಗ ಮಕ್ಕಳ ವಿವರ ತುಂಬುವ ನಮ್ಮ ನಮೂನೆಯಲ್ಲಿ ಆಟಿಸಂ ಎಂಬುದಕ್ಕೆ ಒಂದು ಅಂಕಣವೂ ಇರಲಿಲ್ಲ. ಕರೆದರೆ ತಿರುಗದ ಮಗುವನ್ನು ಕಿವುಡಿನ ಸಾಲಿಗೆ, ತಿರುಗಿದರೂ ಉತ್ತರ ಕೊಡದ ಮಗುವನ್ನು ಬುದ್ಧಿಮಾಂದ್ಯದ ಸಾಲಿಗೆ ಹಾಕುತ್ತಿದ್ದೆವು. ನಾನೇ ಎಷ್ಟು ಮಕ್ಕಳನ್ನು ತಪ್ಪು ಸಾಲಿಗೆ ಬರೆದೆನೋ. ಸುಬ್ರಾಯನನ್ನೂ ಹಾಗೇ ಬರೆದಿದ್ದೆ.

ಸುಬ್ರಾಯ ಕಾರವಾರ ತಾಲೂಕಿನ ಒಂದು ಕಡಲತಡಿಯ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದ. ಊರ ಹೆಸರು ಬೇಡ, ಆ ಹೆಡ್‌ಮಾಸ್ತರು ಈಗಲೂ ಸಂತೆಯಲ್ಲಿ ಸಿಗುತ್ತಾರೆ. ಸುಬ್ರಾಯನ ಮನೆಮಾತು ಕೊಂಕಣಿ. ಕನ್ನಡ ಅವನಿಗೆ ಪುಸ್ತಕದಿಂದ ಬಂದದ್ದು, ಅದಕ್ಕೆ ಪುಸ್ತಕದ ಹಾಗೇ ಮಾತಾಡುತ್ತಿದ್ದ. ಶಾಲೆಯ ಗಂಟೆ ಹೊಡೆದರೆ ಎರಡೂ ಕಿವಿ ಮುಚ್ಚಿ ಮೇಜಿನ ಕೆಳಗೆ ಹೋಗಿಬಿಡುತ್ತಿದ್ದ. ಜಿಲ್ಲಾ ಕಚೇರಿಯಿಂದ ನಮ್ಮ ಕೆಲಸ ನೋಡಲು ಗಾಂವ್ಕರ ಸಾಹೇಬರು ಬರುವವರಿದ್ದರು. ಕಡಿಮೆ ಮಾತಿನ, ಬಿಗಿ ಮುಖದ ಮನುಷ್ಯ. ಅವರೆದುರು ಸುಬ್ರಾಯ ಹೆಸರು, ತರಗತಿ ಹೇಳಿದರೆ ಸಾಕು ಎಂದು ಹದಿನೈದು ದಿನ ಅವನಿಗೆ ಎರಡೇ ಸಾಲು ಕಲಿಸಿದೆ.

ಆ ದಿನ ಸಾಹೇಬರು ಬಂದು ಕೂತರು. ಸುಬ್ರಾಯ ಎದ್ದು ನಿಂತ. ಸಾಹೇಬರ ಎದೆಯ ಮೇಲೆ ಕಣ್ಣು ನೆಟ್ಟು ಶುರು ಮಾಡಿದ.

"ನನ್ನ ಹೆಸರು ಸುಬ್ರಾಯ. ನಾನು ನಾಲ್ಕನೇ ತರಗತಿ."

ನಾನು ಕಲಿಸಿದ್ದು ಅಲ್ಲಿಗೆ ಮುಗಿಯಿತು. ಅವನು ಕೂರಲಿಲ್ಲ.

"ನನಗೆ ಶರ್ಟಿನ ಗುಂಡಿ ಹಾಕಲು ಬರುವುದಿಲ್ಲ, ಆಯಿ ಹಾಕುತ್ತಾಳೆ. ಭಾಗಾಕಾರ ಬರುತ್ತದೆ. ಶಾಲೆಯ ಗಂಟೆ ಇಷ್ಟವಿಲ್ಲ. ಹೆಡ್‌ಮಾಸ್ತರು ಊಟವಾದ ಮೇಲೆ ನಲವತ್ತು ನಿಮಿಷ ನಿದ್ದೆ ಮಾಡುತ್ತಾರೆ. ಆಗ ಗಂಟೆ ಹೊಡೆಯುವುದಿಲ್ಲ. ಅದು ಇಷ್ಟ."

ಹೆಡ್‌ಮಾಸ್ತರು ಗೋಡೆಯ ನಕಾಶೆಯಲ್ಲಿ ಏನನ್ನೋ ಹುಡುಕತೊಡಗಿದರು. ಸಾಹೇಬರು ಮುಖ ಬದಲಿಸದೆ ಕೇಳಿದರು, "ದಿನಾ ನಲವತ್ತು ನಿಮಿಷವಾ?"

"ಶನಿವಾರ ಇಲ್ಲ. ಶನಿವಾರ ಬೇಗ ಮನೆಗೆ ಹೋಗುತ್ತಾರೆ" ಎಂದ ಸುಬ್ರಾಯ. ಆಮೇಲೆ ಅದೇ ದನಿಯಲ್ಲಿ, "ನಿಮ್ಮ ಗುಂಡಿಯೂ ತಪ್ಪಾಗಿದೆ. ಮೂರನೆಯದು ನಾಲ್ಕನೆಯ ತೂತಿಗೆ ಹೋಗಿದೆ. ನಿಮಗೂ ಬರುವುದಿಲ್ಲವಾ?" ಎಂದು ಕೇಳಿದ.

ಸಾಹೇಬರು ಬಗ್ಗಿ ನೋಡಿಕೊಂಡರು. ಹೌದು, ಶರ್ಟು ಒಂದು ಬದಿಗೆ ಎಳೆದುಕೊಂಡಿತ್ತು. ಅವರು ಎದ್ದು ಕಿಟಕಿಯತ್ತ ತಿರುಗಿ ಗುಂಡಿ ಸರಿಮಾಡಿಕೊಂಡರು. ತಿರುಗಿದಾಗ ಆ ಬಿಗಿ ಮುಖ ಸಡಿಲವಾಗಿತ್ತು. "ಬೆಳಗಿಂದ ಮೂರು ಶಾಲೆ ತಿರುಗಿದೆ. ಎಷ್ಟು ಜನ ನನ್ನ ಮುಖ ನೋಡಿದ್ರು, ಎಷ್ಟು ಜನ ನಮಸ್ಕಾರ ಮಾಡಿದ್ರು. ಒಬ್ಬರೂ ಹೇಳ್ಲಿಲ್ಲ" ಎಂದರು. ಸುಬ್ರಾಯನಿಗೆ, "ನನಗೂ ಸರಿಯಾಗಿ ಬರೂದಿಲ್ಲ ಮಾರಾಯ. ಅವಸರ ಆದ್ರೆ ಹೀಗೇ ಆಗ್ತದೆ" ಎಂದರು. ಸುಬ್ರಾಯ ತಲೆಯಾಡಿಸಿ ಕೂತ. ಆ ಕೋಣೆಯಲ್ಲಿ ಆಗ ನೆಮ್ಮದಿಯಿಂದ ಇದ್ದವನು ಅವನೊಬ್ಬನೇ.

ಜೀಪಿನ ತನಕ ಕಳಿಸಲು ಹೋದಾಗ ಸಾಹೇಬರು ಕೇಳಿದರು, "ಅಕ್ಕೋರೆ, ನೀವು ಕಲಿಸಿದ್ದು ಎಷ್ಟು ಸಾಲು?"

"ಎರಡು, ಸಾಹೇಬರೆ. ಉಳಿದದ್ದು ಅವನೇ..." ನನಗೆ ನೆಲ ಬಿರಿದರೆ ಸಾಕು ಅನಿಸಿತ್ತು.

"ಉಳಿದದ್ದೇ ಪರಿಚಯ. ಆ ಎರಡು ಸಾಲು ಹಾಜರಿ ಪುಸ್ತಕದಲ್ಲೂ ಇದೆ" ಎಂದು ಜೀಪು ಹತ್ತಿದರು.

ಹೆಡ್‌ಮಾಸ್ತರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆದರೆ ಮನುಷ್ಯ ಕೆಟ್ಟವರಲ್ಲ. ಎಂಟನೇ ದಿನ ಅವರೇ ಒಂದು ಉಪಾಯ ತೆಗೆದರು. ಗಂಟೆ ಹೊಡೆಯುವ ಕೆಲಸವನ್ನು ಸುಬ್ರಾಯನಿಗೇ ಕೊಟ್ಟರು. ಯಾವಾಗ ಸದ್ದಾಗುತ್ತದೆ ಎಂದು ತನಗೇ ಗೊತ್ತಿದ್ದರೆ ಅವನಿಗೆ ಹೆದರಿಕೆ ಇಲ್ಲ. ಗಡಿಯಾರ ನೋಡಿಕೊಂಡು, ಒಂದು ಕಿವಿಗೆ ಹೆಗಲು ಒತ್ತಿಕೊಂಡು ಹೊಡೆಯುತ್ತಿದ್ದ. ಆ ವರ್ಷ ಆ ಶಾಲೆಯ ಗಂಟೆ ಅರ್ಧ ನಿಮಿಷವೂ ಹಿಂದುಮುಂದಾಗಲಿಲ್ಲ, ಹೆಡ್‌ಮಾಸ್ತರ ನಿದ್ದೆಯೂ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಕಣ್ಣೆದುರು ನಡೆದ ಮೇಲೂ ನಾನು ಕಲಿತದ್ದು ಕಡಿಮೆ. ಅದನ್ನೊಂದು ನಗೆಯ ಪ್ರಸಂಗ ಎಂದುಕೊಂಡೆ. ಸ್ಟಾಫ್ ರೂಮುಗಳಲ್ಲಿ ಹೇಳಿ ನಗಿಸಿದೆ. ಸಾಹೇಬರ ಮಾತು ತಲೆಗೆ ಹೋಗಲು ಇನ್ನೂ ಬಹಳ ಕಾಲ ಬೇಕಾಯಿತು.

ಅಂಕೋಲೆಗೆ ಬಂದ ಮೇಲೆ ಸುಂಕಸಾಳದ ಒಂದು ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಯಲ್ಲಾಪುರ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ತಾಸು ಒಳಗೆ ನಡೆಯಬೇಕು. ಅಲ್ಲಿ ಏಳು ವರ್ಷದ ಮಂಜುನಾಥ, ಅವನ ಅಜ್ಜಿ ಗಿರಿಜಮ್ಮ. ಅಪ್ಪ ಅಮ್ಮ ಹಗಲಿಗೆ ಕೆಲಸಕ್ಕೆ ಹೋಗಿರುತ್ತಿದ್ದರು. ಮಂಜುವಿಗೆ ಮಾತಿಲ್ಲ. ನಾನು ಹೋದರೆ ನನ್ನತ್ತ ನೋಡುತ್ತಲೂ ಇರಲಿಲ್ಲ. ನಮೂನೆಯಲ್ಲಿ ಒಂದು ಪ್ರಶ್ನೆ: "ಮಗು ಇತರರೊಡನೆ ಪರಿಚಯ ಮಾಡಿಕೊಳ್ಳುತ್ತದೆಯೇ?" ನಾನು ಮೊದಲ ದಿನವೇ "ಇಲ್ಲ" ಎಂದು ಬರೆದಿದ್ದೆ.

ಚಿತ್ರದ ಕಾರ್ಡು ತೋರಿಸಿದೆ, ಚೆಂಡು ಉರುಳಿಸಿದೆ, ಗಿಲಕಿ ಆಡಿಸಿದೆ. ಅವನು ಕಂಬದ ಬಳಿ ಕೂತು ತನ್ನ ಬೆರಳ ಸಂದಿಯಿಂದ ಬಿಸಿಲು ನೋಡುತ್ತಿದ್ದ. ಎರಡು ತಿಂಗಳು ಹೀಗೇ ಹೋಯಿತು. ಒಂದು ದಿನ ಜಗುಲಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಮಂಜು ಒಳಗೆ ಹೋಗಿ ಒಂದು ಹಿತ್ತಾಳೆ ಲೋಟ ತಂದು ನನ್ನ ಕೈಯಲ್ಲಿಟ್ಟ. ಖಾಲಿ ಲೋಟ. ಮುಖ ನೋಡಲಿಲ್ಲ. ಇಟ್ಟು ಕಂಬದ ಬಳಿಗೆ ಹೋಗಿಬಿಟ್ಟ.

"ಬಾಯಾರಿಕೆ ಅಂತ ಗೊತ್ತಾಯ್ತು ಕಾಣ್ತದೆ" ಅಂದೆ.

ಗಿರಿಜಮ್ಮ ಎಲೆಯಡಿಕೆ ಕವಳ ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ಅದಲ್ಲ ಅಕ್ಕೋರೆ. ಅವ ನಮ್ಮನೆಯೋರಿಗೆ ಒಬ್ಬೊಬ್ಬರಿಗೆ ಒಂದೊಂದು ಇಟ್ಟಾನೆ. ಅಪ್ಪ ಬಂದ್ರೆ ಟಾರ್ಚು ಕೊಡ್ತಾ. ಅವ್ವಿಗೆ ಬಾಚಣಿಗೆ. ನಂಗೆ ಈ ಕವಳದ ಚೀಲ. ಬ್ಯಾರೆ ಜನ ಯಾರು ಬಂದ್ರೂ ಎಂತದೂ ಕೊಡೂದಿಲ್ಲ. ನಮ್ಮ ತಮ್ಮ ನಾಕು ವರ್ಷದಿಂದ ಬತ್ತೇ ಇದ್ದಾ, ಅವನಿಗಿನ್ನೂ ಎಂತ ಸಿಕ್ಲಿಲ್ಲ. ಇಂದಿಗೆ ನೀವು ಒಳಗಾದ್ರಿ ನೋಡಿ."

ಆಮೇಲೆ ನಾನು ಹೋದಾಗೆಲ್ಲ ಆ ಲೋಟ ಬರುತ್ತಿತ್ತು. ಲೋಟ ಮೊದಲು ಸಿಕ್ಕ ದಿನದ ಸಂಜೆಯೇ ಬಸ್ಸಿನಲ್ಲಿ ಕೂತು ನಮೂನೆಯ "ಇಲ್ಲ" ಹೊಡೆದು "ಹೌದು" ಎಂದು ಬರೆದೆ. ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಹಾಕುವವರು, "ಅಕ್ಕೋರೆ, ಹೇಗೆ ಅಂತ ಬರೀಬೇಕಲ್ಲ?" ಎಂದು ಕೇಳಿದರು. "ಲೋಟ ಕೊಟ್ಟು" ಅಂದೆ. ಅವರು ಹಾಗೇ ಬರೆದರು. ಮೇಲಿನವರು ಓದಿದರೋ ಇಲ್ಲವೋ, ಗೊತ್ತಿಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಹೊಸಬರು ಇದನ್ನೊಂದು ಸರಿಯಾಗಿ ಓದಿದರೆ ಸಾಕು.

ರೇವತಿ ನನಗೆ ಸಿಕ್ಕಾಗ ಐದನೇ ತರಗತಿ. ಅವಳ ತಾಯಿ ಮಾದೇವಿ ಅಂಕೋಲೆ ಮೀನುಪೇಟೆಯಲ್ಲಿ ಮಾರಲು ಕೂರುವವರು. ತಂದೆ ದೋಣಿಗೆ ಹೋಗುವವರು. ಆ ಹೊತ್ತಿಗೆ ನಮೂನೆಯಲ್ಲಿ ಆಟಿಸಂ ಎಂಬ ಅಂಕಣ ಬಂದಿತ್ತು, ನಮಗೂ ಅಷ್ಟಿಷ್ಟು ತಿಳಿದಿತ್ತು. ರೇವತಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಓದು ಬರಹ ಕ್ಲಾಸಿಗೇ ಮುಂದೆ. ಆದರೆ ಯಾರೇ ಹೊಸಬರು ಸಿಕ್ಕಲಿ, ಹೆಸರು ಕೇಳುತ್ತಿರಲಿಲ್ಲ, ತನ್ನ ಹೆಸರು ಹೇಳುತ್ತಿರಲಿಲ್ಲ. ಪಕ್ಕಕ್ಕೆ ಮುಖ ತಿರುಗಿಸಿ, ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗೆ?"

ಉತ್ತರ ಸಿಕ್ಕರೆ ಒಂದು ಪಟ್ಟಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಸಿಗದಿದ್ದರೆ ಸಿಗುವ ತನಕ ಬೆನ್ನು ಬಿಡುತ್ತಿರಲಿಲ್ಲ. ಲಸಿಕೆ ಹಾಕಲು ಬಂದ ನರ್ಸಮ್ಮ, "ಈ ಕೂಸು ವಾಸ್ತು ನೋಡ್ತದ್ಯಾ?" ಎಂದು ಕೇಳಿದ್ದರು. ಕ್ಲಾಸಿನ ಮಕ್ಕಳು ಅವಳನ್ನು ‘ಬಾಗ್ಲು’ ಎಂದು ಕರೆಯುತ್ತಿದ್ದರು. ನನಗೂ ಮೊದಲ ದಿನ ಅದೇ ಪ್ರಶ್ನೆ ಬಂತು. ನಾನು ಉತ್ತರ ಕೊಡಲಿಲ್ಲ. "ಹಾಗೆ ಕೇಳಬಾರದು ರೇವತಿ. ಮೊದಲು ನಮಸ್ಕಾರ ಹೇಳ್ಬೇಕು, ಹೇಗಿದ್ದೀರಿ ಅಂತ ಕೇಳ್ಬೇಕು" ಎಂದು ಅಲ್ಲಿಂದಲೇ ಕಲಿಸಲು ಶುರು ಮಾಡಿದೆ.

ಎರಡು ವರ್ಷ ಕಲಿಸಿದೆ. ಕಣ್ಣು ನೋಡಲು ಕಷ್ಟವಾದರೆ ಹುಬ್ಬುಗಳ ನಡುವೆ ನೋಡು ಎಂದೆ. ಬೇರೆಯವರು ನಕ್ಕರೆ ನೀನೂ ನಗು, ಮೂರು ಎಣಿಸಿ ನಿಲ್ಲಿಸು ಎಂದೆ. ಲಂಗದ ಅಂಚು ಹಿಡಿಯಬೇಡ, ಕೈ ಹಿಂದೆ ಕಟ್ಟು ಎಂದೆ. ಯಾರು ಏನು ಕೇಳಿದರೂ "ಚೆನ್ನಾಗಿದ್ದೇನೆ, ಧನ್ಯವಾದ" ಎನ್ನು ಎಂದೆ. ರೇವತಿ ಮಗ್ಗಿ ಕಲಿತ ಹಾಗೆ ಎಲ್ಲವನ್ನೂ ಕಲಿತಳು. ಶಾಲೆಯವರಿಗೆ ಖುಷಿಯೋ ಖುಷಿ. ಬೇರೆ ಶಾಲೆಯ ಅಕ್ಕೋರುಗಳು ಅವಳನ್ನು ನೋಡಲು ಬಂದರು. ನಾನು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಗಾಂವ್ಕರ ಸಾಹೇಬರೂ ಬಂದು ನೋಡಿದರು. ರೇವತಿ ನಮಸ್ಕಾರ ಮಾಡಿದಳು, ನಕ್ಕಳು, ನಿಲ್ಲಿಸಿದಳು. ಸಾಹೇಬರು "ನೀಟಾಗಿದೆ" ಅಂದರು. ಬೇರೇನೂ ಹೇಳಲಿಲ್ಲ. ಆ ದಿನ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು.

ಏಳನೇ ತರಗತಿಯ ನಡುವೆ ಒಂದು ದಿನ ನಾನು ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮಾದೇವಿ ಹುಡುಕಿಕೊಂಡು ಬಂದರು. ಮೀನಿನ ಬುಟ್ಟಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಅವಸರದಲ್ಲಿ ಬಂದಿದ್ದರು. ಕೈ ತೊಳೆದುಕೊಂಡೂ ಇರಲಿಲ್ಲ.

"ಅಕ್ಕೋರೆ, ಕೂಸಿಗೆ ಎಂತದೋ ಆಗದೆ. ಶಾಲೆ ಬಿಟ್ಟು ಮನೆಗೆ ಬಂದಕೂಡ್ಲೆ ಕಪಾಟಿನ ಹಿಂದೆ ಹೋಗಿ ಕೂತ್ಕಂತದೆ. ಉಣ್ಣುಕೆ ಕರೆದ್ರೂ ಬತ್ತಿಲ್ಲ. ಬಂಗಡೆ ಸಾರಂದ್ರೆ ಜೀವ ಬಿಡೂದು, ಅದ್ನೂ ಬಿಟ್ಟದೆ."

"ಜ್ವರ ಏನಾದ್ರೂ..."

"ಜ್ವರ ಇಲ್ಲ. ನಿನ್ನೆ ನಾ ಹತ್ತಿರ ಹೋಗಿ ಎಂತ ಆಯ್ತು ಮಗಾ ಅಂದೆ. ಎದ್ದು ನಿತ್ಕಂಡು ನಂಗೆ ಹೇಳ್ತು, 'ನಮಸ್ಕಾರ, ಹೇಗಿದ್ದೀರಿ?' ಹೆತ್ತೋಳಿಗೆ ನಮಸ್ಕಾರ ಮಾಡ್ತದೆ ಅಕ್ಕೋರೆ." ಅವರು ಅಳಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಶಾಲೆಗೆ ಬೇಕಾದಂಥ ಕೂಸನ್ನ ನೀವು ಮಾಡ್ಕೊಟ್ರಿ. ನಂದು ಎಲ್ಲಿ ಹೋಯ್ತು?"

ನನ್ನ ಬಸ್ಸು ಬಂತು, ಹೋಯಿತು. ನಾನು ಮಾದೇವಿಯವರ ಜೊತೆ ಅವರ ಮನೆಗೆ ನಡೆದೆ.

ಕಪಾಟಿಗೂ ಗೋಡೆಗೂ ನಡುವೆ ಒಂದು ಮಗು ಕೂರುವಷ್ಟೇ ಜಾಗ. ರೇವತಿ ಮೊಣಕಾಲು ಮಡಚಿ ಕೂತಿದ್ದಳು. ನಾನು ಕಪಾಟಿನ ಈಚೆ ನೆಲದ ಮೇಲೆ ಕೂತು, "ಶಾಲೆಯಲ್ಲಿ ಹೇಗೆ ಅನಿಸ್ತದೆ ರೇವತಿ?" ಎಂದೆ.

"ಚೆನ್ನಾಗಿದ್ದೇನೆ, ಧನ್ಯವಾದ."

ಅದು ನನ್ನದೇ ದನಿ. ನಾನು ಕಲಿಸಿದ ಏರಿಳಿತ ಹಾಗೆಯೇ ಇತ್ತು. ಇನ್ನೇನು ಕೇಳಿದರೂ ಅದೇ ಉತ್ತರ ಬರುತ್ತದೆ ಎಂದು ಗೊತ್ತಾಯಿತು. ತರಬೇತಿಯಲ್ಲಿ ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ. ಮಾದೇವಿ ಬಾಗಿಲ ಬಳಿ ನಿಂತೇ ಇದ್ದರು. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ:

"ನಮ್ಮನೆ ಬಾಗಿಲು ಪಶ್ಚಿಮಕ್ಕೆ."

ಒಳಗೆ ಸ್ವಲ್ಪ ಸದ್ದಾಯಿತು. ಆಮೇಲೆ ಕಪಾಟಿನ ಹಿಂದಿನಿಂದ ಅವಳದೇ ದನಿ, ಸ್ವಲ್ಪ ಒರಟು, ಸ್ವಲ್ಪ ಮೂಗಿನದು:

"ಪೂರ್ತಿ ಪಶ್ಚಿಮವಾ? ನೈಋತ್ಯವಾ?"

"ಅಷ್ಟು ನೋಡ್ಲಿಲ್ಲ."

"ನಾ ಕೇಳಿ ಎರಡು ವರ್ಷ ಆಯ್ತು. ನೋಡಿ ಬಂದು ಹೇಳಿ."

ಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಕೊಂಡು ಹೊಸ್ತಿಲ ಮೇಲೆ ನಿಂತು, ಹಿಂದೆ ಸರಿದು, ಮುಂದೆ ಸರಿದು, "ಪಶ್ಚಿಮವೇ, ದಕ್ಷಿಣಕ್ಕೆ ಒಂಚೂರು ವಾಲಿದೆ" ಎಂದು ತೀರ್ಪು ಕೊಟ್ಟರು. ಮರುದಿನ ಹೋಗಿ ಹೇಳಿದೆ. ರೇವತಿ ಪಟ್ಟಿ ತೆಗೆದು ಬರೆದುಕೊಂಡಳು. ಅವಳು ಪಟ್ಟಿ ತೆಗೆಯದೆ ಬಹಳ ತಿಂಗಳಾಗಿತ್ತಂತೆ.

ಆಗ ಕೇಳಿದೆ, ಮೊದಲ ದಿನವೇ ಕೇಳಬೇಕಾಗಿದ್ದ ಮಾತು. "ಬಾಗಿಲು ಯಾಕೆ ಬೇಕು ರೇವತಿ ನಿನಗೆ?"

ಇದೂ ಗೊತ್ತಿಲ್ಲವೇ ಎಂಬ ಹಾಗೆ ಹೇಳಿದಳು. "ಬಾಗಿಲು ಗೊತ್ತಿದ್ರೆ ನೀವು ಸಂಜೆ ಮನೆ ಒಳಗೆ ಹೋಗೂದು ನಂಗೆ ಕಾಣ್ತದೆ. ಗೊತ್ತಿಲ್ದಿದ್ರೆ ನೀವು ರಸ್ತೆಯಲ್ಲೇ ನಿಂತಿರ್ತೀರಿ. ಎರಡು ವರ್ಷದಿಂದ ನಿಂತೇ ಇದ್ರಿ."

ಅವಳು ಜನರ ಬಗ್ಗೆ ಕಾಳಜಿ ಇಲ್ಲದವಳು ಎಂದು ನಾನೇ ವರದಿಯಲ್ಲಿ ಬರೆದಿದ್ದೆ.

ಆ ವಾರ ಒಂದೊಂದಾಗಿ ಕೇಳಿದೆ, ಅವಳು ಒಂದೊಂದಾಗಿ ಹೇಳಿದಳು. ಹುಬ್ಬಿನ ನಡುವೆ ನೋಡುವಾಗ ಅಲ್ಲೇ ನೋಡಬೇಕು ಎಂಬುದರ ಮೇಲೇ ಗಮನ, ಟೀಚರು ಹೇಳಿದ್ದು ಕೇಳುವುದಿಲ್ಲ. ನಗು ಎಣಿಸುವಾಗ ಯಾಕೆ ನಕ್ಕರು ಎಂದು ಗೊತ್ತಾಗುವುದಿಲ್ಲ. ಲಂಗದ ಅಂಚು ಬಿಟ್ಟರೆ ಕೈ ಎಲ್ಲಿದೆ ಎಂದು ತಿಳಿಯುವುದಿಲ್ಲ. ನಾನು ಬರೆದುಕೊಳ್ಳುತ್ತ ಹೋದೆ. ಬರೆದದ್ದನ್ನು ತೆಗೆದುಕೊಂಡು ಕಾರವಾರಕ್ಕೆ ಹೋಗಿ ಗಾಂವ್ಕರ ಸಾಹೇಬರ ಎದುರು ಕೂತು, ನನ್ನದು ತಪ್ಪಾಯಿತು ಎಂದು ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಹಾಳೆಗಳನ್ನು ಎರಡು ಸಲ ಓದಿದರು.

"ನನಗೂ ಎದುರು ಕೂತವರ ಕಣ್ಣು ನೋಡಿ ಮಾತಾಡೂದು ಆಗೂದಿಲ್ಲ ಅಕ್ಕೋರೆ. ಸರ್ವಿಸ್ ಪೂರ್ತಿ ಫೈಲು ನೋಡ್ತಾ ಮಾತಾಡಿದೆ. ಸಾಹೇಬ ಅಂತ ಯಾರೂ ತಿದ್ದಲಿಲ್ಲ" ಎಂದರು. ಆ ಮಾತನ್ನೂ ಫೈಲು ನೋಡುತ್ತಲೇ ಹೇಳಿದರು. ಅಷ್ಟು ವರ್ಷ ನಾನು ಅದನ್ನು ಗರ್ವ ಎಂದುಕೊಂಡಿದ್ದೆ.

ಶಾಲೆಗೆ ಹೋಗಿ ಕ್ಲಾಸ್ ಟೀಚರ ಹತ್ತಿರ ಎಲ್ಲ ಹೇಳಿದೆ. ಅವರು ಚಿಕ್ಕ ವಯಸ್ಸಿನವರು, ನನಗಿಂತ ಚುರುಕು. ಮರುದಿನವೇ ಕ್ಲಾಸಿನಲ್ಲಿ, "ನಮ್ಮನ್ನು ನಾವು ಹೆಸರು ಹೇಳದೆ ಪರಿಚಯ ಮಾಡ್ಕೊಳ್ಳೋಣ. ಪ್ರಶ್ನೆ ರೇವತಿದು" ಎಂದರು. ಮಕ್ಕಳು ಮನೆಗೆ ಹೋಗಿ ಬಾಗಿಲು ನೋಡಿಕೊಂಡು ಬಂದರು. ಒಬ್ಬನ ಮನೆಗೆ ಮೂರು ಬಾಗಿಲು, ಯಾವುದು ಲೆಕ್ಕ ಎಂದು ಜಗಳ. ದೋಣಿಯಲ್ಲೇ ಹೆಚ್ಚು ಹೊತ್ತು ಇರುವ ಅಪ್ಪನ ಬಾಗಿಲು ಯಾವುದು ಎಂದು ಇನ್ನೊಬ್ಬಳ ಪ್ರಶ್ನೆ. ರೇವತಿ ಅದಕ್ಕೆ ಒಂದು ದಿನ ಪೂರ್ತಿ ಯೋಚಿಸಿ, "ಗಾಳಿ ಬಂದ ಕಡೆ" ಎಂದು ಬರೆದುಕೊಂಡಳು. ಎರಡು ವಾರದಲ್ಲಿ ದೊಡ್ಡ ಹಾಳೆಯ ಮೇಲೆ ಇಡೀ ಕೇರಿಯ ನಕಾಶೆ ತಯಾರಾಯಿತು, ಪ್ರತಿ ಮನೆಗೂ ಒಂದು ಬಾಣ. ಅದನ್ನು ಗೋಡೆಗೆ ಅಂಟಿಸಿದ ದಿನ ಮಾದೇವಿ ಪೇಟೆಯಿಂದ ಬಂದು ನೋಡಿದರು. ತಮ್ಮ ಮನೆಯ ಬಾಣದ ಮೇಲೆ ಬೆರಳಿಟ್ಟು ನಿಂತರು.

ಮಗು ಒಂದೇ ದಿನಕ್ಕೆ ಸರಿಹೋಗಲಿಲ್ಲ. ಕಪಾಟಿನ ಹಿಂದಿನ ಜಾಗ ಬಿಡಲು ಮಳೆಗಾಲ ಬರಬೇಕಾಯಿತು. ಆದರೆ ಒಂದು ಬೆಳಿಗ್ಗೆ ಮಾದೇವಿಯವರ ಫೋನು ಬಂತು. "ಅಕ್ಕೋರೆ, ಬಂಗಡೆ ಸಾರು ಉಂಡ್ತು. ಉಂಡು, ಉಪ್ಪು ಜಾಸ್ತಿ ಹೇಳಿ ನಂಗೇ ಬೈತು" ಎಂದರು. ಅಷ್ಟು ಸಂತೋಷದಲ್ಲಿ ಬೈಗುಳ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ರೇವತಿ ಈಗ ಅಂಕೋಲೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅರ್ಜಿ, ಆಮಂತ್ರಣ ಎಲ್ಲ ಟೈಪ್ ಮಾಡುತ್ತಾಳೆ. ಒಮ್ಮೆ ಒಂದು ಮದುವೆ ಕಾಗದದಲ್ಲಿ ತಾರೀಕಿಗೂ ವಾರಕ್ಕೂ ತಾಳೆಯಾಗದ್ದನ್ನು ಕಂಡು, ಮಾಲಕರನ್ನೂ ಕೇಳದೆ ಮದುಮಗನ ಮನೆಗೆ ಫೋನ್ ಮಾಡಿ, "ನಿಮ್ಮ ಮದುವೆ ಯಾವ ದಿನ ಎಂದು ನಿಮಗೆ ಖಂಡಿತ ಗೊತ್ತಿದೆಯೇ?" ಎಂದು ಕೇಳಿದ್ದಳು. ಅಲ್ಲಿ ಮೊದಲು ಗಲಾಟೆ, ಆಮೇಲೆ ಪಂಚಾಂಗ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ. ಅವಳಿಗೆ ಮದುವೆಗೆ ಕರೆ ಬಂತು. ಗದ್ದಲ ತನಗೆ ಆಗುವುದಿಲ್ಲ ಎಂದು ಅವಳು ಹೋಗಲಿಲ್ಲ, ಊಟವನ್ನು ಮನೆಗೇ ಕಳಿಸಿದರು.

ನಾನು ನಿವೃತ್ತಿಯಾಗುವ ತಿಂಗಳು ಕಾರವಾರದಲ್ಲಿ ಹೊಸ ಶಿಕ್ಷಕರಿಗೆ ತರಬೇತಿ ಇತ್ತು. ಗಾಂವ್ಕರ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆಗಿನ ಅಧಿಕಾರಿ, "ನಿಮ್ಮ ಕೈಯಲ್ಲಿ ಕಲಿತವರು ಯಾರಾದ್ರೂ ಬಂದು ಎರಡು ಮಾತು ಆಡಿದ್ರೆ ಒಳ್ಳೇದು" ಎಂದರು. ರೇವತಿಗೆ ಕೇಳಿದೆ. ಎಷ್ಟು ಜನ, ಎಷ್ಟು ನಿಮಿಷ, ಮೈಕು ಕಿರುಚುತ್ತದೆಯೇ ಎಂದು ಕೇಳಿಕೊಂಡು ಒಪ್ಪಿದಳು. ಏನು ಹೇಳಬೇಕೆಂದು ನಾನು ಒಂದು ಮಾತೂ ಹೇಳಿಕೊಡಲಿಲ್ಲ. ಹಾಗೆ ಸುಮ್ಮನಿರುವುದು ನನ್ನ ವೃತ್ತಿಯಲ್ಲೇ ಕಷ್ಟದ ಕೆಲಸವಾಗಿತ್ತು. ಹಿಂದಿನ ದಿನವೆಲ್ಲ ನಾಲಿಗೆ ತುರಿಸುತ್ತಿತ್ತು. ಅಷ್ಟು ಜನರ ಎದುರು ಅವಳಿಗೆ ಮಾತು ನಿಂತುಹೋದರೆ, ಯಾರಾದರೂ ನಕ್ಕರೆ, ಮಾದೇವಿಗೆ ನಾನು ಯಾವ ಮುಖ ತೋರಿಸಲಿ ಎಂಬ ಅಂಜಿಕೆ ಬೇರೆ.

ರೇವತಿ ಎದ್ದು ಹೋಗಿ ಮೇಜಿನ ಪಕ್ಕ ನಿಂತಳು. ಸಭೆಗೆ ಅರ್ಧ ಬೆನ್ನು ಹಾಕಿ ಕಿಟಕಿಯತ್ತ ತಿರುಗಿದಳು. ಒಂದು ಕೈ ದುಪಟ್ಟದ ಅಂಚು ಸುತ್ತುತ್ತಿತ್ತು.

"ನಾನು ರೇವತಿ. ನಾನು ಕಿಟಕಿ ನೋಡಿ ಮಾತಾಡ್ತೇನೆ. ನಿಮ್ಮ ಮುಖ ನೋಡಿದ್ರೆ ಅದರಲ್ಲಿ ಬಹಳ ಸಂಗತಿ ಇರ್ತದೆ, ನನ್ನ ಮಾತು ತಪ್ಪಿಹೋಗ್ತದೆ. ಕಿಟಕಿ ನೋಡಿದ್ರೆ ನಿಮ್ಮ ಮಾತು ಪೂರ್ತಿ ಕೇಳ್ತದೆ. ಹಾಗಾಗಿ ಇದು ಮರ್ಯಾದೆಯೇ. ಈಗ ಪ್ರಶ್ನೆ ಕೇಳಿ. ಒಬ್ಬೊಬ್ಬರೇ."

ಕೇಳಿದರು. ಚಿಕ್ಕವಳಿದ್ದಾಗ ಗೆಳತಿಯರಿದ್ದರಾ, ಗದ್ದಲದಲ್ಲಿ ಏನಾಗುತ್ತದೆ, ಕೆಲಸದಲ್ಲಿ ಏನು ಕಷ್ಟ. ಎಲ್ಲಕ್ಕೂ ಕೇಳಿದಷ್ಟಕ್ಕೇ ಉತ್ತರ ಕೊಟ್ಟಳು. ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ನನಗೆ ಸಂತೋಷವಾಗಲಿ ಎಂದೇ ಇರಬೇಕು, ಕೇಳಿದಳು: "ಅಕ್ಕೋರು ನಿಮಗೆ ಎಂತ ಕಲಿಸಿದ್ರು?"

"ಎರಡು ವರ್ಷ ತಪ್ಪು ಕಲಿಸಿದ್ರು" ಎಂದಳು ರೇವತಿ.

ಅಧಿಕಾರಿ ನನ್ನತ್ತ ನೋಡಲಾರದೆ ನೀರಿನ ಬಾಟಲಿ ತೆಗೆದರು. ಕೇಳಿದ ಹುಡುಗಿಯ ಮುಖ ಕೆಂಪಾಯಿತು. ಅವಳೇ ಸಣ್ಣ ದನಿಯಲ್ಲಿ, "ಆಮೇಲೆ?" ಎಂದಳು.

"ಆಮೇಲೆ ನನ್ನ ಹತ್ರವೇ ಕೇಳಿದ್ರು. ಬರಕೊಂಡ್ರು. ಅದು ಸರಿ ಇತ್ತು."

ನಾನು ನಗತೊಡಗಿದೆ. ತಡೆಯಲು ಆಗಲಿಲ್ಲ. ನನ್ನನ್ನು ನೋಡಿ ಇಡೀ ಸಭೆ ನಕ್ಕಿತು. ರೇವತಿ ನಗಲಿಲ್ಲ. ನಗು ಮುಗಿಯುವ ತನಕ ಕಿಟಕಿಯಾಚೆ ನೋಡುತ್ತ ಕಾದಿದ್ದು, ಮುಂದಿನ ಪ್ರಶ್ನೆ ತೆಗೆದುಕೊಂಡಳು. ಮೂವತ್ತು ವರ್ಷ ದಾಟಿದ ನನ್ನ ನೌಕರಿಯಲ್ಲಿ ನನಗೆ ಸಿಕ್ಕ ಪ್ರಶಸ್ತಿಪತ್ರಗಳು ಮನೆಯಲ್ಲಿ ಎಲ್ಲೋ ಇವೆ. ಆ ಮಧ್ಯಾಹ್ನದ ಆ ಮೂರು ಸಣ್ಣ ವಾಕ್ಯಗಳ ಎದುರು ಅವು ಬರಿ ಕಾಗದ.

ಸಂಜೆ ಅವಳನ್ನು ಅಂಕೋಲೆಗೆ ಬಿಟ್ಟುಬರಲು ಜೊತೆಗೇ ಬಸ್ಸು ಹತ್ತಿದೆ. ಬಿಣಗಾ ದಾಟಿದ ಮೇಲೆ ಅವಳು ಎದುರಿನ ಸೀಟಿನ ಕಂಬಿ ನೋಡುತ್ತ ಕೇಳಿದಳು.

"ಅಕ್ಕೋರೆ, ನಾ ಹೇಳಿದ್ದಕ್ಕೆ ನಿಮಗೆ ಬೇಜಾರಾಯ್ತಾ?"

ಇಷ್ಟು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಇಲ್ಲ ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. "ಸ್ವಲ್ಪ ಆಯ್ತು" ಅಂದೆ.

"ಎಷ್ಟು ಹೊತ್ತು?"

"ನಗು ಬರುವ ತನಕ."

ಅವಳು ಲೆಕ್ಕ ಹಾಕಿದಳು. "ಅದು ಎಂಟು ಹತ್ತು ಸೆಕೆಂಡು. ಅಷ್ಟು ಆಗ್ಬಹುದು" ಎಂದು ಚೀಲದಿಂದ ಶೇಂಗಾ ಚಿಕ್ಕಿ ತೆಗೆದು, ಸರಿಯಾಗಿ ಎರಡು ಮಾಡಿ, ಒಂದನ್ನು ನನ್ನ ಕೈಯಲ್ಲಿಟ್ಟಳು.